ಯಾರು ಹೇಳಿದ್ದು, ಎಲ್ಲಿ ಹೇಳಿದ್ದು?

ಕೆಲವು ಕಾಲದ ಹಿಂದೆ ಇದೇ ಮೈಕಿನ ಮುಂದೆ ಕುಳಿತು ನೆರೆಹೊರೆಯ ಬಾಳಿನ ವಿಷಯವಾಗಿ ನಾಲ್ಕು ಮಾತನ್ನಾಡಿದ್ದೆ. ಮಾತಿನ ನಡುವೆ, ಕೇಳುವವರಿಗೆ ಸ್ವಲ್ಪ ರುಚಿಯಾಗಲೆಂದು, ದಿನವೂ ನೆರೆಮನೆಯ ಮಜ್ಜಿಗೆಯನ್ನೇ ನೆಚ್ಚಿಕೊಂಡ ಮನೆಯವರನ್ನು ಕುರಿತ ಒಂದು ತ್ರಿಪದಿಯನ್ನು ಹೇಳಿ, ಸರ್ವಜ್ಞನೇನು ಸುಮ್ಮನೆ ಹೇಳಿದನೆ ಎಂದು ಸೇರಿಸಿದ್ದೆ. ತ್ರಿಪದಿಯ ಕೊನೆಯಲ್ಲಿ ಸರ್ವಜ್ಞನ ಹೆಸರು ಇದ್ದೇ ಇತ್ತು. ಭಾಷಣ ಮುಗಿಯಿತು, ನಾನು ಅದನ್ನು ಮರೆತೆ.

ಆಮೇಲೆ ಬಾನುಲಿ ನಿಲಯದ ಮೂಲಕ ನನಗೊಂದು ಕಾಗದ ಬಂತು. ಬರೆದವರು ಒಂದು ಸಣ್ಣ ಊರಿನ ಪ್ರೌಢಶಾಲೆಯ ಕನ್ನಡ ಪಂಡಿತರು. ಅವರ ಶಾಲೆಯ ಹುಡುಗನೊಬ್ಬ ಆ ತ್ರಿಪದಿಯನ್ನು ರೇಡಿಯೋದಿಂದ ಕೇಳಿ ಬರೆದುಕೊಂಡು, ಪರೀಕ್ಷೆಯಲ್ಲಿ ಸರ್ವಜ್ಞನನ್ನು ಕುರಿತ ಪ್ರಶ್ನೆಗೆ ಅದನ್ನೇ ಉದಾಹರಣೆಯಾಗಿ ಕೊಟ್ಟಿದ್ದನು. ಇದು ಯಾವ ಸಂಗ್ರಹದಲ್ಲಿದೆ, ಎಷ್ಟನೆಯ ವಚನ, ದಯಮಾಡಿ ತಿಳಿಸಬೇಕು ಎಂದು ಪಂಡಿತರು ಕೇಳಿದ್ದರು. ಅಂಕ ಕೊಡಬೇಕೋ ಬೇಡವೋ ತಿಳಿಯದೆ ಆ ಹುಡುಗನ ಉತ್ತರಪತ್ರಿಕೆಯೊಂದನ್ನು ಮಾತ್ರ ಕಟ್ಟಿನಿಂದ ಬೇರೆ ತೆಗೆದಿಟ್ಟಿದ್ದರಂತೆ.

ಸುಲಭದ ಪ್ರಶ್ನೆ ಎಂದುಕೊಂಡೆ. ಕಪಾಟಿನಿಂದ ಸರ್ವಜ್ಞನ ವಚನಗಳನ್ನು ತೆಗೆದೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು, ಕೈಬರಹದ ಪ್ರತಿಗಳನ್ನೂ ಜನರ ಬಾಯಲ್ಲಿದ್ದದ್ದನ್ನೂ ಕೂಡಿಹಾಕಿ ೧೯೨೪ರಲ್ಲಿ ಹೊರತಂದ ಸಂಗ್ರಹ. ಕ್ರೈಸ್ತ ಪಾದ್ರಿಯೊಬ್ಬರು ಸರ್ವಜ್ಞನಿಗಾಗಿ ಹೀಗೆ ಜೀವ ತೇದದ್ದು ನಮ್ಮ ನಾಡಿನ ಭಾಗ್ಯವೆನ್ನಬೇಕು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಿಟ್ಟುಕೊಂಡು ಮೂರು ಸಂಜೆ ನೋಡಿದೆ. ನನ್ನ ಮಜ್ಜಿಗೆಯ ತ್ರಿಪದಿ ಅಲ್ಲಿರಲಿಲ್ಲ. ಸ್ನೇಹಿತರಲ್ಲಿದ್ದ ಮತ್ತೊಂದು ಸಂಗ್ರಹವನ್ನು ತರಿಸಿ ನೋಡಿದೆ, ಅಲ್ಲಿಯೂ ಇರಲಿಲ್ಲ. ಸರ್ವಜ್ಞನ ವಿಷಯದಲ್ಲಿ ಇದೊಂದು ತೊಡಕು ಉಂಟು. ಮೂರು ಸಾಲು ಕಟ್ಟಬಲ್ಲವನು ಯಾರೇ ಆಗಲಿ, ಕೊನೆಗೆ ‘ಸರ್ವಜ್ಞ’ ಎಂದೊಂದು ಮಾತು ಜೋಡಿಸಿದರೆ ಆಯಿತು, ವಚನ ಸಿದ್ಧ. ಆ ಹೆಸರಿನಲ್ಲಿ ಓಡಾಡುವ ಪದಗಳನ್ನೆಲ್ಲ ಅವನೊಬ್ಬನೇ ಹೇಳಿದನೆಂದು ಯಾವ ವಿದ್ವಾಂಸರೂ ಎದೆ ತಟ್ಟಿ ಹೇಳಲಾರರು.

ಹಾಗಾದರೆ ನನಗೆ ಅದು ಎಲ್ಲಿಂದ ಬಂತು? ನಾಲ್ಕನೆಯ ದಿನ ಬೆಳಗ್ಗೆ ಮುಖ ತೊಳೆಯುತ್ತಿರುವಾಗ ನೆನಪಾಯಿತು. ಪುಸ್ತಕದಿಂದಲ್ಲ, ನಮ್ಮ ಅಜ್ಜಿಯಿಂದ. ಒರಳಿನ ಮುಂದೆ ಕುಳಿತು ರುಬ್ಬುತ್ತ ಆಕೆ ಹೇಳುತ್ತಿದ್ದ ಪದ ಅದು. ಮೂವತ್ತು ನಲವತ್ತು ವರ್ಷ ಮನಸ್ಸಿನಲ್ಲಿ ಕುಳಿತು ಕುಳಿತು, ಕೇಳಿದ್ದು ಓದಿದ್ದಾಗಿ ಮಾರ್ಪಟ್ಟಿತ್ತು. ನಾನು ಸುಳ್ಳು ಹೇಳಿರಲಿಲ್ಲ. ಆದರೆ ನಿಜವನ್ನೂ ಹೇಳಿರಲಿಲ್ಲ.

ಈ ಪ್ರಸಂಗವಾದಂದಿನಿಂದ ನಮ್ಮ ಮಾತಿನ ರೀತಿಯನ್ನೇ ಸ್ವಲ್ಪ ಗಮನಿಸತೊಡಗಿದೆ. ನಮ್ಮ ಕನ್ನಡಕ್ಕೆ ಈ ವಿಷಯದಲ್ಲಿ ಬಹಳ ಒಳ್ಳೆಯ ಏರ್ಪಾಡು ಇದೆ. ನಾವು ಅದನ್ನು ದಿನಕ್ಕೆ ನೂರು ಸಲ ಬಳಸುತ್ತೇವೆ, ಒಮ್ಮೆಯೂ ನೋಡುವುದಿಲ್ಲ. ‘ಮೇಲಿನ ಕೆರೆ ಕೋಡಿ ಬಿತ್ತು’ ಎಂದರೆ ಕಣ್ಣಾರೆ ಕಂಡೆ ಎಂದರ್ಥ. ‘ಮೇಲಿನ ಕೆರೆ ಕೋಡಿ ಬಿತ್ತಂತೆ’ ಎಂದರೆ ಬೇರೊಬ್ಬರು ಹೇಳಿದ್ದು, ನಾನು ನೋಡಲಿಲ್ಲ, ಹೊಣೆ ನನ್ನದಲ್ಲ. ಎರಡಕ್ಷರದ ಈ ‘ಅಂತೆ’ ಸೇರಿದೊಡನೆ ಮಾತಿನ ತೂಕ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಇಷ್ಟನ್ನು ಹೇಳಬೇಕಾದರೆ ಬೇರೊಂದು ಚಿಕ್ಕ ವಾಕ್ಯವನ್ನೇ ಹೂಡಬೇಕು. ನಮ್ಮಲ್ಲಿ ಐದು ವರ್ಷದ ಮಗುವೂ ‘ಅಪ್ಪ ಬೈತಾರಂತೆ’ ಎಂದು ಬಂದು ಹೇಳುತ್ತದೆ. ಬೈಯುವವರು ಅಪ್ಪ, ಸುದ್ದಿ ಕೊಟ್ಟವರು ಅಮ್ಮ, ತಾನು ಕೇವಲ ದೂತ ಎಂಬುದೆಲ್ಲ ಅದರಲ್ಲಿ ಅಡಕವಾಗಿದೆ.

ಕೆಡುಕು ಎಲ್ಲಿ ಎಂದರೆ, ಈ ‘ಅಂತೆ’ ಬಹಳ ದೂರ ನಡೆಯಲಾರದು. ಮೊದಲನೆಯವರು ‘ಕೋಡಿ ಬಿತ್ತಂತೆ’ ಎನ್ನುತ್ತಾರೆ. ಎರಡನೆಯವರೂ ಹಾಗೆಯೇ ಎನ್ನಬಹುದು. ಮೂರನೆಯವರ ಬಾಯಿಗೆ ಬರುವ ಹೊತ್ತಿಗೆ ಅದು ದಾರಿಯಲ್ಲೆಲ್ಲೋ ಕಳಚಿ ಬಿದ್ದಿರುತ್ತದೆ. ಕೆರೆ ಕೋಡಿ ಬಿದ್ದೇ ಹೋಗಿರುತ್ತದೆ, ತಗ್ಗಿನ ಮನೆಯವರು ಪಾತ್ರೆ ಪಡಗ ಹೊರಕ್ಕೆ ಸಾಗಿಸುತ್ತಿರುತ್ತಾರೆ. ಅಂತೆಕಂತೆಯನ್ನು ನಾವು ಹೀಗಳೆಯುವುದುಂಟು. ನನ್ನನ್ನು ಕೇಳಿದರೆ, ಅಂತೆ ಇದ್ದಾಗ ಅಪಾಯ ಕಡಿಮೆ. ಅಂತೆ ಬಿಟ್ಟುಹೋದ ಸುದ್ದಿಯೇ ಮನೆ ಮುರಿಯುವಂಥದು.

ಇನ್ನೊಂದು ‘ಎಂದು’. ತಾಳೆಯೋಲೆಯ ಗ್ರಂಥಗಳಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರವು ಕೂಡ ಇರಲಿಲ್ಲ. ಉದ್ಧರಣೆಯ ಚಿಹ್ನೆಗಳಂತೂ ಅಚ್ಚಿನೊಡನೆ ಬಂದವು. ಅಲ್ಲಿಯವರೆಗೆ ಒಬ್ಬರ ಮಾತಿಗೂ ಮತ್ತೊಬ್ಬರ ಮಾತಿಗೂ ಗಡಿಕಲ್ಲಾಗಿ ನಿಂತದ್ದು ಈ ‘ಎಂದು’, ‘ಎಂಬ’, ‘ಎನೆ’ ಮುಂತಾದವೇ. ಆದರೆ ಈ ಗಡಿಕಲ್ಲು ಒಂದೇ ಕಡೆ ಇದೆ. ಮಾತು ಎಲ್ಲಿ ಮುಗಿಯಿತೆಂಬುದನ್ನು ‘ಎಂದು’ ತಿಳಿಸುತ್ತದೆ. ಎಲ್ಲಿ ಮೊದಲಾಯಿತೆಂಬುದನ್ನು ತಿಳಿಸುವುದಿಲ್ಲ. ‘ರಾಮಣ್ಣ ನಾನು ಹಣ ಕೊಡಬೇಕೆಂದು ಹೇಳಿದ’ ಎಂದರೆ, ಕೊಡಬೇಕಾದವನು ರಾಮಣ್ಣನೋ ಹೇಳುತ್ತಿರುವ ನಾನೋ? ‘ತಾನು ಹಣ ಕೊಡಬೇಕೆಂದು ಹೇಳಿದ’ ಎಂದಿದ್ದರೆ ಸಂದೇಹವಿಲ್ಲ. ಒಂದು ‘ನಾನು’, ಒಂದು ‘ತಾನು’, ಇವುಗಳ ನಡುವೆ ಒಂದು ದಾವೆಯೇ ನಡೆಯಬಹುದು. ರೇಡಿಯೋದಲ್ಲಿ ಮಾತನಾಡುವವರ ಪಾಡು ಇನ್ನೂ ಕಷ್ಟ. ಸಭೆಯಲ್ಲಾದರೆ ಕೈಯೆತ್ತಿ ಎರಡು ಬೆರಳು ತೋರಿಸಿಯಾರು; ಇಲ್ಲಿ ನನ್ನ ಬೆರಳು ನಿಮಗೆ ಕಾಣದು. ‘ಇದು ಅವರ ಮಾತು’ ಎಂದು ಮೊದಲೇ ಹೇಳಿ, ಸ್ವಲ್ಪ ತಡೆದು, ಮುಗಿದ ಮೇಲೆ ‘ಇಲ್ಲಿಗೆ ಅವರ ಮಾತು ಮುಗಿಯಿತು’ ಎನ್ನದೆ ಬೇರೆ ದಾರಿಯಿಲ್ಲ. ಕೇಳಲು ಅಷ್ಟು ಚೆನ್ನಾಗಿರುವುದಿಲ್ಲ, ನಿಜ.

ಒಬ್ಬರ ಮಾತನ್ನು ಇನ್ನೊಬ್ಬರ ಬಳಿಗೆ ಒಯ್ಯುವಾಗ ಅರ್ಧ ಬಿಟ್ಟು ಒಯ್ಯುವುದು ಮನೆಗಳಲ್ಲಿ ದಿನವೂ ನಡೆಯುವ ಸಂಗತಿ. ‘ಹುಳಿ ಚೆನ್ನಾಗಿಲ್ಲ ಅಂತ ನಾನು ಅಂದೆನೇನಮ್ಮ? ನಿನ್ನೆಯದರಷ್ಟು ಇಲ್ಲ ಅಂದೆ’ ಎಂದು ಅತ್ತೆಯವರು ಹೇಳಿರುತ್ತಾರೆ. ಬಾಗಿಲ ಮರೆಯಲ್ಲಿದ್ದ ನಾದಿನಿ ಅತ್ತಿಗೆಗೆ ಒಯ್ದು ಮುಟ್ಟಿಸುವುದು ‘ಹುಳಿ ಚೆನ್ನಾಗಿಲ್ಲ ಅಂದರು’ ಎಂಬಷ್ಟನ್ನೇ. ಆಕೆ ಒಯ್ದ ಒಂದೊಂದು ಪದವೂ ಅತ್ತೆಯ ಬಾಯಿಂದಲೇ ಬಂದದ್ದು, ಅದರಲ್ಲಿ ಮೋಸವಿಲ್ಲ. ಆದರೂ ಅದು ಅತ್ತೆ ಆಡಿದ ಮಾತಲ್ಲ. ಪತ್ರಿಕೆಗಳಲ್ಲಿ ದೊಡ್ಡ ದೊಡ್ಡವರು ನಡೆಸುವ ವಾದವಿವಾದಗಳನ್ನು ಓದುವಾಗ ಎಷ್ಟೋ ಸಲ ಈ ಹುಳಿಯ ನೆನಪೇ ನನಗೆ ಬರುತ್ತದೆ.

ಆಧಾರವನ್ನು ಹೇಳದೆ ಬಿಟ್ಟರೆ ಏನು ಹೋಗುತ್ತದೆ, ಒಳ್ಳೆಯ ಮಾತು ಯಾರದಾದರೇನು ಎಂದು ಕೇಳುವವರುಂಟು. ಅವರಿಗೆ ನಾನು ಒಂದು ಹಳೆಯ ಕಥೆಯನ್ನು ಹೇಳುತ್ತೇನೆ. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಮಲ್ಲಿಕಾರ್ಜುನನೆಂಬ ವಿದ್ವಾಂಸನು ‘ಸೂಕ್ತಿಸುಧಾರ್ಣವ’ವೆಂಬ ಗ್ರಂಥವನ್ನು ಮಾಡಿದನು. ಅದು ಆತನ ಸ್ವಂತ ಕಾವ್ಯವಲ್ಲ. ಹಿಂದಿನ ಕನ್ನಡ ಕಾವ್ಯಗಳಿಂದ ಸಮುದ್ರ, ಪರ್ವತ, ನಗರ ಮುಂತಾದವುಗಳ ವರ್ಣನೆಯ ಪದ್ಯಗಳನ್ನು ಆರಿಸಿ ಜೋಡಿಸಿದ ಸಂಕಲನ. ಆರಿಸುವುದರಲ್ಲಿ ಆತನ ರುಚಿ ದೊಡ್ಡದು. ಆದರೆ ಪದ್ಯದ ಪಕ್ಕದಲ್ಲಿ ಕವಿಯ ಹೆಸರನ್ನು ಬರೆದಿಡುವ ಪರಿಪಾಠವನ್ನು ಆತನು ಇಟ್ಟುಕೊಳ್ಳಲಿಲ್ಲ. ಆ ಕಾಲಕ್ಕೆ ಅದು ತಪ್ಪೆಂದೂ ಅನಿಸಿರಲಾರದು. ಆಸ್ಥಾನದಲ್ಲಿ ಕೇಳುವವರಿಗೆ ಪದ್ಯ ಕಿವಿಗೆ ಬಿದ್ದೊಡನೆ ಕವಿ ಯಾರೆಂದು ತಿಳಿಯುತ್ತಿತ್ತೋ ಏನೋ. ಎಲ್ಲರಿಗೂ ತಿಳಿದದ್ದನ್ನು ಬರೆಯುವುದೇಕೆ? ಆಮೇಲೆ ಎಲ್ಲರೂ ಹೋದರು. ಕಾವ್ಯಗಳಲ್ಲಿ ಕೆಲವು ಉಳಿದವು, ಕೆಲವು ಹುಳುವಿನ ಪಾಲಾದವು. ಉಳಿದ ಕಾವ್ಯಗಳಿಗೆ ಸೇರಿದ ಪದ್ಯಗಳನ್ನು ನಮ್ಮ ಕಾಲದ ವಿದ್ವಾಂಸರು ಹುಡುಕಿ ಹುಡುಕಿ ಗುರುತಿಸಿದ್ದಾರೆ. ಮೂಲವೇ ಅಳಿದುಹೋದವು ಇಂದಿಗೂ ತಂದೆತಾಯಿ ಗೊತ್ತಿಲ್ಲದ ಮಕ್ಕಳಂತೆ ಆ ಗ್ರಂಥದಲ್ಲಿ ನಿಂತಿವೆ.

ಈ ಮಲ್ಲಿಕಾರ್ಜುನನ ಮಗನೇ ‘ಶಬ್ದಮಣಿದರ್ಪಣ’ವೆಂಬ ವ್ಯಾಕರಣವನ್ನು ಬರೆದ ಕೇಶಿರಾಜ. ತಂದೆಗಿಂತ ಒಂದು ಹೆಜ್ಜೆ ಮುಂದೆ ಹೋದನೆನ್ನಬೇಕು. ತಾನು ಯಾವ ಕವಿಗಳ ಪ್ರಯೋಗವನ್ನು ಆಧಾರವಾಗಿ ಹಿಡಿದಿದ್ದೇನೆಂದು ಗ್ರಂಥದ ಮೊದಲಲ್ಲಿಯೇ ಹೆಸರು ಹಿಡಿದು ಹೇಳಿದನು: ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಹೊನ್ನ, ಹಂಪ, ಸುಜನೋತ್ತಂಸ. ಇವರಲ್ಲಿ ಪಂಪ ಪೊನ್ನರ ಕಾವ್ಯಗಳು ನಮಗೆ ದೊರೆತಿವೆ. ಗಜಗನ, ಮನಸಿಜನ, ಚಂದ್ರಭಟ್ಟನ ಕಾವ್ಯಗಳು ದೊರೆತಿಲ್ಲ. ಕೇಶಿರಾಜನು ಇಷ್ಟಾದರೂ ಹೇಳದಿದ್ದರೆ ಅವರಲ್ಲಿ ಕೆಲವರು ಇದ್ದರೆಂಬುದೂ ನಮಗೆ ತಿಳಿಯುತ್ತಿತ್ತೋ ಇಲ್ಲವೋ. ಆದರೆ ಸೂತ್ರಗಳ ಕೆಳಗೆ ಉದಾಹರಣೆಗಳನ್ನು ಕೊಡುವಾಗ ಆತನೂ ಇದು ಇಂಥವನದೆಂದು ಗುರುತು ಹಾಕುತ್ತ ಹೋಗಲಿಲ್ಲ. ಪಟ್ಟಿಯಲ್ಲಿ ಗಜಗನ ಹೆಸರಿದೆ. ಒಳಗೆ ಆತನ ಸಾಲೂ ಇರಬಹುದು. ಹೆಸರನ್ನೂ ಸಾಲನ್ನೂ ಕೂಡಿಸುವ ದಾರ ಮಾತ್ರ ಹರಿದಿದೆ. ಎಂಟು ಶತಮಾನದ ಹಿಂದೆ ಯಾರಾದರೂ ಅಂಚಿನಲ್ಲಿ ನಾಲ್ಕಕ್ಷರ ಗೀಚಿದ್ದರೆ ಒಬ್ಬ ಕವಿಗೆ ಅವನ ಒಂದು ಪದ್ಯವಾದರೂ ದಕ್ಕುತ್ತಿತ್ತು.

ಇದಕ್ಕೆ ಎದುರಾಗಿ ಕಿಟ್ಟೆಲರ ನಿಘಂಟನ್ನು ತೆರೆದು ನೋಡಿ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸಾವಿರದ ಏಳುನೂರಕ್ಕೂ ಮಿಕ್ಕ ಪುಟಗಳ ಗ್ರಂಥ. ಪದ, ಅರ್ಥ, ಜೊತೆಗೆ ಆ ಪದ ಎಲ್ಲಿ ದೊರೆಯಿತೆಂಬ ಗುರುತು. ಕೇಶಿರಾಜನಲ್ಲಿ ಕಂಡದ್ದಕ್ಕೆ ಒಂದು ಸಂಕೇತ, ಗಾದೆಯಲ್ಲಿ ಬಂದದ್ದಕ್ಕೆ ಮತ್ತೊಂದು. ನನಗೆ ಬಹಳ ಹಿಡಿಸಿದ್ದೆಂದರೆ, ಮೈಸೂರಿನ ಕಡೆ ಬಳಕೆಯಲ್ಲಿರುವ ಮಾತಾದರೆ ಅದಕ್ಕೂ ಒಂದು ಸಂಕೇತವಿದೆ. ಪುಸ್ತಕದಲ್ಲಿಲ್ಲದ ಮಾತನ್ನು ಅವರು ಬಿಡಲಿಲ್ಲ. ಪುಸ್ತಕದ್ದೆಂದು ನಟಿಸಲೂ ಇಲ್ಲ. ಜನ ಆಡಿದ್ದನ್ನು ಜನ ಆಡಿದ್ದೆಂದೇ ಬರೆದರು. ಆಧಾರವೆಂದರೆ ದಪ್ಪ ಪುಸ್ತಕವೇ ಆಗಬೇಕೆಂದು ನಂಬಿದ್ದ ನನ್ನಂಥವನಿಗೆ ಇದು ಪಾಠವೇ ಸರಿ. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಂತೂ, ಮೊದಲ ಸಂಪುಟ ೧೯೭೦ರಲ್ಲಿ, ಎಂಟನೆಯದು ೧೯೯೫ರಲ್ಲಿ ಮುಗಿದದ್ದು, ಒಂದೊಂದು ಅರ್ಥಕ್ಕೂ ಶಾಸನ ಕಾವ್ಯಗಳಿಂದ ಪ್ರಯೋಗವನ್ನು ಎತ್ತಿ ಸ್ಥಳನಿರ್ದೇಶ ಮಾಡುತ್ತದೆ. ಕಾಲು ಶತಮಾನ ಹಿಡಿದದ್ದು ಸುಮ್ಮನೆ ಅಲ್ಲ.

ಆದರೆ ಹೆಸರು ಹೇಳಿದರೆ ಸಾಲದು. ಕೇಳಿದವರು ಹೋಗಿ ನೋಡುವಂತೆ ಹೇಳಬೇಕು. ಶಾಸನಗಳ ವಿಷಯವನ್ನೇ ತೆಗೆದುಕೊಳ್ಳಿ. ಲೂಯಿ ರೈಸ್ ಸಾಹೇಬರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ೧೮೮೬ರಿಂದ ಹೊರತರತೊಡಗಿದಾಗ ಮಾಡಿದ ಏರ್ಪಾಡು ಬಹಳ ಸರಳವಾದದ್ದು: ಜಿಲ್ಲೆವಾರು ಸಂಪುಟಗಳು, ಒಳಗೆ ತಾಲ್ಲೂಕು, ತಾಲ್ಲೂಕಿನಲ್ಲಿ ಕ್ರಮಸಂಖ್ಯೆ. ತಾಲ್ಲೂಕಿನ ಹೆಸರು ಹೇಳಿ ಸಂಖ್ಯೆ ಹೇಳಿದರೆ ಯಾವ ವಿದ್ಯಾರ್ಥಿಯೂ ಎರಡು ನಿಮಿಷದಲ್ಲಿ ಆ ಕಲ್ಲಿನ ಮುಂದೆ ನಿಲ್ಲಬಹುದು. ೧೯೭೨ರಿಂದ ಮೈಸೂರು ವಿಶ್ವವಿದ್ಯಾನಿಲಯದವರು ಪರಿಷ್ಕೃತ ಮುದ್ರಣವನ್ನು ತರತೊಡಗಿದರು. ಸಂಪುಟಗಳ ಜೋಡಣೆ ಬದಲಾಯಿತು, ಸಂಖ್ಯೆಗಳೂ ಬದಲಾದವು. ಹಳೆಯ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಹೊಸ ಒಂಬತ್ತನೆಯ ಸಂಪುಟ ಬೇಲೂರು ತಾಲ್ಲೂಕಿನದು. ‘ಒಂಬತ್ತನೆಯ ಸಂಪುಟದಲ್ಲಿದೆ’ ಎಂದಷ್ಟೇ ಬರೆದರೆ, ಓದುವವನು ಚೆನ್ನಕೇಶವನ ಗುಡಿಗೆ ಹೊರಟು ಬೆಂಗಳೂರಿನಲ್ಲಿ ಇಳಿದಾನು! ಯಾವ ಮುದ್ರಣವೆಂಬ ಒಂದು ಮಾತನ್ನು ಸೇರಿಸುವುದು ಪಾಂಡಿತ್ಯಪ್ರದರ್ಶನವಲ್ಲ, ದಾರಿಹೋಕನಿಗೆ ದಾರಿ ತೋರುವ ಸೌಜನ್ಯ ಅಷ್ಟೆ.

ನೀವು ಶಾಸನದ ಸಂಶೋಧನೆಗೆ ಹೊರಟವರಲ್ಲ, ಒಪ್ಪಿದೆ. ಪತ್ರಿಕೆಯ ಸಂಪಾದಕರಿಗೆ ಒಂದು ಕಾಗದ ಬರೆಯುತ್ತೀರಿ. ಮಹಿಳಾ ಸಮಾಜದ ಸಭೆಯಲ್ಲಿ ಯಾರೋ ಹೇಳಿದ್ದಕ್ಕೆ ಉತ್ತರ ಕೊಡುತ್ತೀರಿ. ಬೇಡ, ದೂರದಲ್ಲಿರುವ ತಮ್ಮನೊಡನೆ ಕಾಗದದಲ್ಲಿಯೇ ಜಗಳವಾಡುತ್ತೀರಿ. ಅಲ್ಲಿಯೂ ಇದೇ ಕ್ರಮ. ಮೊದಲು ಯಾವ ಮಾತಿಗೆ ಉತ್ತರ ಕೊಡುತ್ತಿದ್ದೀರೋ ಆ ಮಾತನ್ನು ಅವರ ಪದಗಳಲ್ಲಿಯೇ ಬರೆಯಿರಿ. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು ಪೂರ್ತಿಯಾಗಿ ನಿಲ್ಲಿಸಿ ಆಮೇಲೆ ಸಿದ್ಧಾಂತಕ್ಕೆ ಕೈ ಹಾಕುತ್ತಿದ್ದರಲ್ಲವೆ, ಹಾಗೆ. ಎದುರಾಳಿಯನ್ನು ಹುಲ್ಲಿನ ಬೊಂಬೆ ಮಾಡಿ ಹೊಡೆದರೆ ಗೆದ್ದದ್ದು ಬೊಂಬೆಯನ್ನು. ಮಾತು ಚಿಕ್ಕದಾದರೆ ಚಿಹ್ನೆಯೊಳಗೆ ಇಟ್ಟರೆ ಸಾಕು. ನಾಲ್ಕಾರು ಸಾಲು ಮೀರಿದರೆ ಒಂದು ಸಾಲಿನ ತೆರವು ಬಿಟ್ಟು, ಎಡಗಡೆ ಸ್ವಲ್ಪ ಒಳಕ್ಕೆ ಸರಿಸಿ ಬರೆಯಿರಿ. ಇದು ಅವರದು, ಇದು ನನ್ನದು ಎಂಬುದು ಓದುವವರ ಕಣ್ಣಿಗೇ ತಿಳಿಯುತ್ತದೆ. ಅಚ್ಚುಕೂಟದವರು ಉದ್ಧರಣೆಯನ್ನು ಸಣ್ಣ ಮೊಳೆಯಲ್ಲಿ, ಅಂಚು ಒಳಸರಿಸಿ ಜೋಡಿಸುತ್ತಿದ್ದುದು ಇದಕ್ಕಾಗಿಯೇ ಹೊರತು ಚೆಂದಕ್ಕಾಗಿ ಅಲ್ಲ.

ಚಿಹ್ನೆಯೊಳಗೆ ಹೋದ ಮೇಲೆ ಒಂದಕ್ಷರವೂ ನಮ್ಮದಲ್ಲ. ಅವರ ಕಾಗುಣಿತ ತಪ್ಪಿದ್ದರೆ ಆ ತಪ್ಪೂ ಅವರದೇ. ನಡುವೆ ಬಿಟ್ಟದ್ದುಂಟಾದರೆ ಮೂರು ಚುಕ್ಕೆ ಇಡಬೇಕು. ಬಿಟ್ಟದ್ದರಿಂದ ಅರ್ಥ ತಿರುಗುವುದಾದರೆ ಬಿಡಲೇಬಾರದು, ಮೂರಲ್ಲ, ಮೂವತ್ತು ಚುಕ್ಕೆ ಇಟ್ಟರೂ ಅದು ಹುಳಿಯ ಕಥೆಯೇ ಆಗುತ್ತದೆ. ಒಂದು ಪದದ ಕೆಳಗೆ ನೀವು ಗೆರೆ ಎಳೆದರೆ ‘ಗೆರೆ ನನ್ನದು’ ಎಂದು ಪಕ್ಕದಲ್ಲಿ ಬರೆಯಿರಿ. ಆಮೇಲೆ ಪುಸ್ತಕದ ಹೆಸರು, ಬರೆದವರು, ಯಾವ ವರ್ಷದ ಮುದ್ರಣ, ಪುಟ. ಮೂಲವನ್ನು ನೋಡದೆ ಮತ್ತೊಬ್ಬರ ಲೇಖನದಲ್ಲಿ ಕಂಡು ಎತ್ತಿಕೊಂಡಿದ್ದರೆ ಅದನ್ನೇ ಹೇಳುವುದು ಮರ್ಯಾದೆ. ಇಲ್ಲಿ ನಾವೆಲ್ಲ ಜಾರುತ್ತೇವೆ. ಇಂಥವರ ಲೇಖನದಲ್ಲಿ ಕಂಡೆ ಎನ್ನುವುದಕ್ಕಿಂತ ಕಾಳಿದಾಸನಲ್ಲಿ ಓದಿದೆ ಎನ್ನುವುದು ಗಂಭೀರವಾಗಿ ಕೇಳಿಸುತ್ತದೆ, ನೋಡಿ. ಆ ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥನು ಮೂಲದ ಆಧಾರವಿಲ್ಲದೆ ಏನನ್ನೂ ಬರೆಯೆನೆಂದು ಮೊದಲೇ ಮಾತು ಕೊಟ್ಟು ಕುಳಿತವನು. ನಮಗೆ ಅಷ್ಟು ಬೇಡ. ಕಂಡದ್ದನ್ನು ಕಂಡೆ, ಕೇಳಿದ್ದನ್ನು ಕೇಳಿದೆ ಎಂದರೆ ಸಾಕು. ಹಾಗೆಂದು ಪ್ರತಿಯೊಂದು ಮಾತಿಗೂ ಅಡಿಟಿಪ್ಪಣಿ ಹಚ್ಚುವ ಗೀಳೂ ಒಳ್ಳೆಯದಲ್ಲ. ಮೈಸೂರು ಅರಮನೆ ಮೈಸೂರಿನಲ್ಲಿದೆ ಎನ್ನಲು ಯಾರ ಸಾಕ್ಷಿಯೂ ಬೇಕಿಲ್ಲ.

ಪಂಡಿತರ ಕಾಗದಕ್ಕೆ ಬರುತ್ತೇನೆ. ಉತ್ತರ ಬರೆಯುವ ಮೊದಲು ಊರಿನಲ್ಲಿರುವ ಚಿಕ್ಕಮ್ಮನನ್ನು ಒಮ್ಮೆ ಕೇಳಿಬಿಡೋಣವೆಂದು ಹೋದೆ. ನಮ್ಮ ಅಜ್ಜಿಯ ಮಕ್ಕಳಲ್ಲಿ ಈಗ ಉಳಿದಿರುವವರು ಅವರೊಬ್ಬರೇ. ತ್ರಿಪದಿಯನ್ನು ಹೇಳಿ, ‘ಇದನ್ನು ಅಜ್ಜಿ ಯಾರಿಂದ ಕಲಿತದ್ದು ಚಿಕ್ಕಮ್ಮ?’ ಎಂದೆ. ಚಿಕ್ಕಮ್ಮ ಬಾಯ ಮೇಲೆ ಸೆರಗಿಟ್ಟುಕೊಂಡು ನಕ್ಕರು.

‘ಯಾರಿಂದ ಕಲೀತಾಳೋ? ಅವಳೇ ಕಟ್ಟಿದ್ದು. ಆಗ ನಮ್ಮ ಮನೇಲಿ ಕರಾವು ಇರಲಿಲ್ಲ, ದಿನಾ ಪಕ್ಕದ ಮನೆ ಮಜ್ಜಿಗೆ. ಒಂದು ದಿನ ಅವರು ಏನೋ ಅಂದರು. ಆವತ್ತು ರಾತ್ರಿ ಕಟ್ಟಿದ್ದು ಅದು.’

‘ಮತ್ತೆ ಕೊನೆಯಲ್ಲಿ ಸರ್ವಜ್ಞ?’

‘ಅಮ್ಮ ಹೇಳಿದ್ದು ಅಂದರೆ ನೀವು ಮಕ್ಕಳು ಕೇಳ್ತಿದ್ದಿರೇನು? ಸರ್ವಜ್ಞ ಅಂದರೆ ಕೇಳ್ತಿದ್ದಿರಿ.’

ನಾನು ನೆರೆಮನೆಯನ್ನು ನೆಚ್ಚಿಕೊಂಡವರನ್ನು ಹಾಸ್ಯ ಮಾಡುವ ಪದವೆಂದು ತಿಳಿದು ರೇಡಿಯೋದಲ್ಲಿ ಹೇಳಿದ್ದೆ. ಅದು ಹಾಸ್ಯವಾಗಿರಲಿಲ್ಲ. ಬೇಡಲು ಹೋದವಳೇ ಆಡಿಕೊಂಡ ಮಾತು ಅದು. ಯಾರು ಹೇಳಿದ್ದೆಂದು ತಿಳಿದ ಮೇಲೆ ಅರ್ಥವೇ ಬೇರೆಯಾಗಿ ಕಾಣಿಸಿತು. ಅಜ್ಜಿ ಬೇರೆ ಪದಗಳನ್ನೂ ಕಟ್ಟಿದ್ದಳೇ ಎಂದು ಕೇಳಿದೆ. ಬೇಕಾದಷ್ಟು ಇದ್ದವು, ಯಾರು ಬರೆದಿಟ್ಟರು ಎಂದರು ಚಿಕ್ಕಮ್ಮ. ಅವರಿಗೆ ಇನ್ನೆರಡು ನೆನಪಿದ್ದವು. ಒಂದರ ಮೂರನೆಯ ಸಾಲು ಬರಲಿಲ್ಲ.

ಪಂಡಿತರಿಗೆ ಇದ್ದದ್ದನ್ನು ಇದ್ದಂತೆ ಬರೆದೆ. ಅದು ಸರ್ವಜ್ಞನದಲ್ಲ, ತಪ್ಪು ನನ್ನದು, ಹುಡುಗನದಲ್ಲ ಎಂದು ತಿಳಿಸಿದೆ. ಅವರ ಉತ್ತರ ಬಂದಿದೆ. ಕೇಳಿದ್ದನ್ನು ಕೇಳಿದಂತೆ ಬರೆದನೆಂದು ಹುಡುಗನಿಗೆ ಅರ್ಧ ಅಂಕ ಕೊಟ್ಟರಂತೆ. ಆಧಾರ ಕೇಳದೆ ಬರೆದುಕೊಂಡದ್ದಕ್ಕೆ ಇನ್ನರ್ಧ ಹಿಡಿದರಂತೆ. ತರಗತಿಯಲ್ಲಿ ವಿಷಯವನ್ನು ತಿಳಿಸಿ, ಹುಡುಗರ ಪುಸ್ತಕಗಳಲ್ಲಿ ಆ ಪದದ ಮೇಲಿದ್ದ ಸರ್ವಜ್ಞನ ಹೆಸರನ್ನು ಹೊಡೆಸಿಹಾಕಿದ್ದಾರೆ. ಅಲ್ಲಿ ಏನು ಬರೆಯಿಸಬೇಕು, ಅಜ್ಜಿಯವರ ಹೆಸರೇನು, ಯಾವ ಊರು, ಸುಮಾರು ಯಾವ ವರ್ಷ ಎಂದು ಕೇಳಿದ್ದಾರೆ. ಹೆಸರನ್ನೂ ಊರನ್ನೂ ಬರೆದು ಕಳುಹಿಸಿದ್ದೇನೆ. ವರ್ಷವನ್ನು ಚಿಕ್ಕಮ್ಮನಿಂದ ಕೇಳಿಕೊಂಡು ಬರೆಯಬೇಕು.